ಹೊರಗೆ ಕೂತ ಹವಳ

ತಿಪಟೂರಿನಲ್ಲಿ ಚನ್ನಿಗಪ್ಪ ಅಂತ ಒಬ್ಬ ಮೋಟಾರು ವೈಂಡಿಂಗ್ ಮಾಡುವವನಿದ್ದ. ತೋಟದ ಪಂಪು ಸುಟ್ಟರೆ ಜನ ಅವನ ಹತ್ತಿರ ಹೊತ್ತು ತರುತ್ತಿದ್ದರು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಕೈ ಮಾತ್ರ ಚುರುಕು. ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ನಿಂತುಹೋದದ್ದನ್ನು ಬಿಚ್ಚಬೇಕು. ಬಿಚ್ಚಿದರೆ ಒಳಗೆ ಏನು ಸುಟ್ಟಿದೆ ಕಾಣುತ್ತದೆ. ಸುಟ್ಟದ್ದನ್ನು ಕಿತ್ತು ಹೊಸ ತಂತಿ ಸುತ್ತಬೇಕು. ಸುಮ್ಮನೆ ನೋಡುತ್ತಾ ಕೂತರೆ ಯಾವ ಮೋಟಾರೂ ತಿರುಗುವುದಿಲ್ಲ.

ಅವನ ಹೆಂಡತಿ ಕಮಲಾಕ್ಷಿ ತೀರಿಕೊಂಡು ಮೂರು ತಿಂಗಳಾಗಿತ್ತು. ನಾಲ್ಕು ದಿನ ಜ್ವರ ಬಂದು ಹೋದಳು. ಮಕ್ಕಳಿರಲಿಲ್ಲ. ಅಂದಿನಿಂದ ಅವನು ಅಂಗಡಿಯ ಶಟರನ್ನು ಅರ್ಧ ಮಾತ್ರ ಎತ್ತುತ್ತಿದ್ದ. ಬಗ್ಗಿ ಒಳಗೆ ಬಂದವರ ಕೆಲಸ ಮಾಡಿಕೊಡುತ್ತಿದ್ದ. ಧರ್ಮಸ್ಥಳಕ್ಕೆ ಹೋಗಿ ಬಾ, ನಾಲ್ಕು ಜನರ ಜೊತೆ ಬೆರೆ, ಟಿವಿ ನೋಡು ಅಂತ ಬಂದವರೆಲ್ಲ ಹೇಳುತ್ತಿದ್ದರು. ಅವನು ಹೂಂ ಅನ್ನುತ್ತಿದ್ದ.

ಮನೆ ಅಂಗಡಿಯ ಹಿಂದೆಯೇ ಇತ್ತು. ಮುಂದಿನ ರೂಮು, ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಮುಂದಿನ ರೂಮಿನಲ್ಲಿ ಒಂದು ಗಾಜಿನ ತೊಟ್ಟಿ. ಅದರಲ್ಲಿ ಇದ್ದದ್ದು ಸಮುದ್ರದ ನೀರು.

ಸಮುದ್ರ ಇಲ್ಲದ ಊರಿಗೆ ಅದು ಹೇಗೆ ಬಂತು ಅಂತ ಕೇಳಬಹುದು. ಕಮಲಾಕ್ಷಿ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಆಯಾ ಕೆಲಸಕ್ಕಿದ್ದಳು. ಹಲ್ಲು ಕೀಳಿಸಲು ಬಂದ ಮಕ್ಕಳು ಅಳದೆ ಕೂರಲಿ ಅಂತ ಡಾಕ್ಟರು ಅದನ್ನು ಇಟ್ಟಿದ್ದರು. ನೋಡಿಕೊಳ್ಳುತ್ತಿದ್ದವಳು ಇವಳು. ಡಾಕ್ಟರು ಊರು ಬಿಟ್ಟಾಗ ತೊಟ್ಟಿಯನ್ನು ಇವಳಿಗೇ ಕೊಟ್ಟುಹೋದರು. ಅದು ಬಂದು ಆರು ವರ್ಷ.

ಒಳಗೆ ಎರಡು ಸಣ್ಣ ಮೀನು. ಉಳಿದದ್ದೆಲ್ಲ ಹವಳ. ಹವಳ ಅಂದ ಕೂಡಲೇ ಕೊರಳಿನ ಕೆಂಪು ಮಣಿ ಅಂದುಕೊಳ್ಳಬೇಡಿ. ಇದು ಮೆತ್ತನೆಯ ಹವಳ. ಕಲ್ಲಿಗೆ ಅಂಟಿಕೊಂಡು ಬೆಳೆಯುತ್ತದೆ. ನೋಡಿದರೆ ಗಿಡ. ಆದರೆ ಪ್ರಾಣಿ ಅಂತ ಡಾಕ್ಟರು ಹೇಳಿದ್ದರಂತೆ. ಚನ್ನಿಗಪ್ಪನಿಗೆ ಇದು ಕಡೆಯವರೆಗೂ ಅರ್ಥ ಆಗಲಿಲ್ಲ. ಕಣ್ಣಿಲ್ಲ, ಕಾಲಿಲ್ಲ, ಕೂತಲ್ಲೇ ಕೂತಿರುತ್ತದೆ. ಪ್ರಾಣಿ ಅಂತೆ.

ಕಮಲಾಕ್ಷಿ ಒಂದೊಂದಕ್ಕೂ ಹೆಸರಿಟ್ಟಿದ್ದಳು. ಹುಲ್ಲಿನ ಹಾಗೆ ಕಲ್ಲು ತುಂಬ ಹಬ್ಬಿದ್ದು ಗರಿಕೆ. ಸಣ್ಣ ಸಣ್ಣ ಕೈಗಳನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದದ್ದು ಚಪ್ಪಾಳೆ. ಎಲ್ಲಕ್ಕಿಂತ ದೊಡ್ಡದು ನಡುವೆ ಇತ್ತು. ತೆಂಗಿನಕಾಯಿ ಗಾತ್ರದ ಕಲ್ಲಿನ ಮೇಲೆ ತಟ್ಟೆಯಗಲದ ಅಣಬೆಯ ಹಾಗೆ. ಅದರ ತಲೆಯ ತುಂಬ ನೂರಾರು ಬೆರಳು, ನೀರು ಓಡಿದ ಕಡೆ ಓಲಾಡುತ್ತಿದ್ದವು. ಅದು ದೊಡ್ಡಮ್ಮ.

ಅವಳು ಹೋದ ಮೇಲೆ ಚನ್ನಿಗಪ್ಪ ತೊಟ್ಟಿಯನ್ನು ಬಿಡಲಿಲ್ಲ. ಕಂಡಷ್ಟು ಮಾಡಿದ. ಹತ್ತು ಗಂಟೆಗೆ ದೀಪ ಹಾಕಿದ. ಏಳಕ್ಕೆ ಆರಿಸಿದ. ಮೀನಿಗೆ ಚಿಟಿಕೆ ಊಟ ಉದುರಿಸಿದ. ನೀರು ಇಳಿದರೆ ಗಾಜಿನ ಮೇಲಿನ ಗೆರೆಯವರೆಗೆ ಫಿಲ್ಟರ್ ನೀರು ತುಂಬಿದ. ಆ ಗೆರೆ ಅವಳು ಉಗುರುಬಣ್ಣದಲ್ಲಿ ಎಳೆದದ್ದು. ಉಪ್ಪುನೀರು ಕಡಿಮೆಯಾದರೆ ಸಪ್ಪೆ ನೀರು ಯಾಕೆ ಹಾಕುತ್ತೀ ಅಂತ ಒಂದು ಸಲ ಕೇಳಿದ್ದ. ಉಪ್ಪು ಎಲ್ಲಿಗೂ ಹೋಗಲ್ಲ ಕಣ್ರೀ, ಆವಿಯಾಗೋದು ನೀರು ಮಾತ್ರ ಅಂದಿದ್ದಳು. ಆರು ವರ್ಷದಲ್ಲಿ ಅವನು ಕೇಳಿದ್ದು ಅದೊಂದೇ. ಪಂಪು ಕೆಟ್ಟರೆ ಸರಿ ಮಾಡಿಕೊಡುತ್ತಿದ್ದ. ಅಷ್ಟೇ ಅವನ ಪಾಲು.

ಒಂದು ಸೋಮವಾರ ದೀಪ ಹಾಕಿದ. ದೊಡ್ಡಮ್ಮನ ಬೆರಳು ಒಂದೂ ಕಾಣಲಿಲ್ಲ. ಎಲ್ಲವನ್ನೂ ಒಳಗೆಳೆದುಕೊಂಡಿತ್ತು. ತಲೆ ಬೋಳಾಗಿತ್ತು. ಮೈಮೇಲೆ ತೆಳ್ಳಗೆ ಏನೋ ಕಟ್ಟಿತ್ತು, ಆರಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಅವನು ಗಾಜು ತಟ್ಟಿದ. ಏನೂ ಆಗಲಿಲ್ಲ.

ಮಂಗಳವಾರವೂ ಹಾಗೇ. ಬುಧವಾರ ಕೆನೆ ಇನ್ನೂ ದಪ್ಪವಾಗಿ ಮಿಂಚುತ್ತಿತ್ತು.

ಆ ಮನೆಯಲ್ಲಿ ಅವಳ ಕೈ ತಾಗಿ ಜೀವಂತ ಉಳಿದದ್ದು ಅದೊಂದು ತೊಟ್ಟಿ. ಅದರಲ್ಲೂ ದೊಡ್ಡಮ್ಮ ಅಂದರೆ ಅವಳಿಗೆ ಪ್ರಾಣ. ಮೂರು ತಿಂಗಳಿಗೇ ತನ್ನ ಕೈಯಲ್ಲಿ ಅದು ಸತ್ತರೆ ಅವಳಿಗೆ ಏನು ಹೇಳುವುದು. ಹೇಳಲು ಅವಳೇ ಇಲ್ಲ ಅನ್ನುವುದು ಆಮೇಲೆ ನೆನಪಾಯಿತು.

ಡಾಕ್ಟರಿಗೆ ಫೋನು ಮಾಡಿದ. ಆ ನಂಬರು ಚಾಲ್ತಿಯಲ್ಲಿಲ್ಲ ಅಂತ ಹೆಂಗಸೊಬ್ಬಳು ಹೇಳಿದಳು.

ಬಸ್‌ಸ್ಟ್ಯಾಂಡಿನ ಹತ್ತಿರ ಮುನೀರ್ ಅಂತ ಬಣ್ಣದ ಮೀನು ಮಾರುವವನಿದ್ದ. ಅವನನ್ನು ಕೇಳಿದ. ಮುನೀರ್ ಒಳ್ಳೆಯವನು. ಅಣ್ಣ, ನಾನು ಸಿಹಿನೀರಿನವನು, ನಂಗೆ ಇದು ತಿಳಿಯಲ್ಲ ಅಂದ. ಆದರೂ ಬಂದವನನ್ನು ಬರಿಗೈಲಿ ಕಳಿಸಲು ಅವನಿಗೆ ಮನಸ್ಸಾಗಲಿಲ್ಲ. ನಮ್ಮ ಮೀನಿಗೆ ಹುಷಾರಿಲ್ಲ ಅಂದರೆ ಒಂದು ಹಿಡಿ ಉಪ್ಪು ಹಾಕ್ತೀವಿ ಅಂದ. ಅದು ಹುಟ್ಟಿದಾಗಿಂದ ಉಪ್ಪಲ್ಲೇ ಇದೆಯಲ್ಲಪ್ಪ ಅಂದ ಚನ್ನಿಗಪ್ಪ. ಮುನೀರ್ ಗಡ್ಡ ಕೆರೆದುಕೊಂಡ.

"ಹಾಗಾದ್ರೆ ಉಪ್ಪು ಜಾಸ್ತಿ ಆಗಿರಬೇಕು. ಕಮ್ಮಿ ಮಾಡಿ ನೋಡಿ."

ಗುರುವಾರ ಒಂದು ಬಕೆಟ್ ಉಪ್ಪುನೀರು ತೆಗೆದು, ಒಂದು ಬಕೆಟ್ ಸಪ್ಪೆ ನೀರು ಹಾಕಿದ. ದೊಡ್ಡಮ್ಮ ಏಳಲಿಲ್ಲ. ಚಪ್ಪಾಳೆಯ ಕೈಗಳು ನಿಧಾನವಾದವು.

ತೊಟ್ಟಿಗೆ ಹಾಕುವ ಉಪ್ಪಿನ ಚೀಲದ ಮೇಲೆ ಬೆಂಗಳೂರಿನ ಒಂದು ಅಂಗಡಿಯ ನಂಬರಿತ್ತು. ಅಲ್ಲಿಗೆ ಮಾಡಿದ. ಆ ಕಡೆಯವನಿಗೆ ಅವಸರ. ಲೈಟು ಜಾಸ್ತಿ ಇದೆಯಾ, ನೀರಿನ ಫ್ಲೋ ಕಮ್ಮಿ ಇದೆಯಾ, ನೀರು ಟೆಸ್ಟ್ ಮಾಡಿಸಿದ್ರಾ ಅಂತ ಒಂದರ ಮೇಲೊಂದು ಕೇಳಿದ. ಚನ್ನಿಗಪ್ಪ ಎಲ್ಲಕ್ಕೂ ಹೂಂ ಅಂದ. ಗೊತ್ತಿಲ್ಲ ಅನ್ನಲು ನಾಚಿಕೆ. ಹಾಗಿದ್ರೆ ಲೈಟು ಕಮ್ಮಿ ಮಾಡಿ ಅಂತ ಅವನು ಫೋನಿಟ್ಟ. ಶುಕ್ರವಾರ ದೀಪ ಹಾಕಲೇ ಇಲ್ಲ. ರೂಮು ಕತ್ತಲಾಗಿ ಇನ್ನೂ ಖಾಲಿ ಅನಿಸಿತು. ಗರಿಕೆಯೂ ಮುದುಡಿತು.

ಈಗ ಅವನಿಗೆ ಏನೂ ತಿಳಿಯದಾಯಿತು. ಮೊದಲು ಹುಷಾರಿಲ್ಲದೆ ಇದ್ದದ್ದು ಒಂದು. ಈಗ ಮೂರು. ಇದು ಕಾಯಿಲೆ ಹರಡಿದ್ದೋ, ತಾನು ಮಾಡಿದ್ದರಿಂದ ಆದದ್ದೋ? ಬಿಟ್ಟರೆ ಸಾಯುತ್ತದೋ, ಮಾಡಿದರೆ ಸಾಯುತ್ತದೋ? ಮೋಟಾರಾದರೆ ಸುಟ್ಟ ವಾಸನೆ ಬರುತ್ತದೆ. ಇದು ವಾಸನೆಯನ್ನೂ ಕೊಡಲಿಲ್ಲ.

ಶನಿವಾರ ಮೊಬೈಲಿನಲ್ಲಿ ವಿಡಿಯೋ ಹುಡುಕಿದ. ಯಾರೋ ಬಿಳಿಯ ಮನುಷ್ಯ ಏನೋ ಹೇಳುತ್ತಿದ್ದ. ಮಾತು ತಿಳಿಯಲಿಲ್ಲ. ಚನ್ನಿಗಪ್ಪ ಅವನ ಕೈಯನ್ನು ನೋಡಿದ. ಕೈಕೆಲಸ ನೋಡಿ ಕಲಿತವನು ತಾನೇ. ಆ ಕೈ ಹವಳವನ್ನು ಕಂದು ನೀರಿನಲ್ಲಿ ಅದ್ದಿತು. ಆಮೇಲೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿತು. ಕಂದು ನೀರು ಅಂದರೆ ಟಿಂಚರೇ ಇರಬೇಕು ಅಂದುಕೊಂಡು ಮೆಡಿಕಲ್ ಶಾಪಿನಿಂದ ತಂದ. ಬೋಗುಣಿಯಲ್ಲಿ ತೊಟ್ಟಿಯ ನೀರು ಹಾಕಿ, ಬಣ್ಣ ಬರುವಷ್ಟು ಟಿಂಚರು ಬಿಟ್ಟ. ದೊಡ್ಡಮ್ಮನನ್ನು ಅದ್ದಿದ. ತಿಕ್ಕಿದ. ಕೆನೆ ಅಷ್ಟು ಸುಲಭವಾಗಿ ಬರಲಿಲ್ಲ. ಗಟ್ಟಿಯಾಗಿ ತಿಕ್ಕಿದ. ಒಂದು ಕಡೆ ಅಂಚು ಹರಿಯಿತು. ಒಂದು ಚೂರು ಅವನ ಬೆರಳಿಗೆ ಅಂಟಿಕೊಂಡಿತು.

ಆ ಚೂರನ್ನು ಏನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ. ಬಹಳ ಹೊತ್ತು ಬೆರಳು ಹಾಗೇ ಹಿಡಿದುಕೊಂಡಿದ್ದ. ಆಮೇಲೆ ದೊಡ್ಡಮ್ಮನ ಜೊತೆ ಅದನ್ನೂ ತೊಟ್ಟಿಗೇ ಬಿಟ್ಟ.

ಭಾನುವಾರ ಬೆಳಿಗ್ಗೆ ಹಾಲಿನವನು ಬಂದು, ಈ ತಿಂಗಳು ಎಷ್ಟು ದಿನ ಹಾಲು ಬೇಡ ಅಂದಿದ್ರಿ ಅಂತ ಕೇಳಿದ. ಅಂಥದ್ದನ್ನೆಲ್ಲ ಕಮಲಾಕ್ಷಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದಳು. ಚನ್ನಿಗಪ್ಪ ಅಭ್ಯಾಸಬಲದಿಂದ ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತ. ಅದು ಅವಳು ಹೋದ ತಿಂಗಳಲ್ಲೇ ಇತ್ತು. ಅವನು ಹಾಳೆ ತಿರುವಿರಲಿಲ್ಲ.

ಹಿಂದಿನ ಹಾಳೆ ಎತ್ತಿದ. ಪೆನ್ಸಿಲಿನ ಅಕ್ಷರ. ಗ್ಯಾಸ್ ಬಂತು. ಹಾಲು ಇಲ್ಲ. ಜಯಾ ಬಂದಳು. ಅದರ ಕೆಳಗೆ ಒಂದು ತಾರೀಖಿನ ಮನೆಯಲ್ಲಿ, "ದೊಡ್ಡಮ್ಮ ಹೊರಗೆ."

ಹತ್ತು ದಿನ ಬಿಟ್ಟು ಇನ್ನೊಂದು ಮನೆ. "ದೊಡ್ಡಮ್ಮ ತಲೆಗೆ ನೀರು."

ಇನ್ನೂ ಹಿಂದಿನ ಹಾಳೆಗಳನ್ನು ಎತ್ತಿದ. ಮೂರ್ನಾಲ್ಕು ತಿಂಗಳಿಗೊಮ್ಮೆ ಅದೇ. ದೊಡ್ಡಮ್ಮ ಹೊರಗೆ. ಎಂಟೋ ಹತ್ತೋ ದಿನ. ದೊಡ್ಡಮ್ಮ ತಲೆಗೆ ನೀರು.

ಹಾಗಾದರೆ ಇದು ಮೊದಲೂ ಬಂದಿತ್ತು. ಅವಳಿಗೆ ಮದ್ದು ಗೊತ್ತಿತ್ತು. ಬರೆದಿಟ್ಟು ಹೋಗಿದ್ದಾಳೆ. ಹೊರಗೆ ಇಡಬೇಕು. ಆಮೇಲೆ ತಲೆಗೆ ನೀರು ಹೊಯ್ಯಬೇಕು. ಚನ್ನಿಗಪ್ಪ ಹಾಲಿನವನನ್ನು ಬಾಗಿಲಲ್ಲೇ ಮರೆತ. ಅವನು ಕಾದು ಕಾದು ಹೋದ.

ದೊಡ್ಡಮ್ಮನನ್ನು ಕಲ್ಲಿನ ಸಮೇತ ಎತ್ತಿದ. ತೊಟ್ಟಿಯ ನೀರು ತುಂಬಿದ ಬಕೆಟಿನಲ್ಲಿ ಇಟ್ಟು ಹಿಂದಕ್ಕೆ ತಂದ. ಬಕೆಟನ್ನು ಒಗೆಯುವ ಕಲ್ಲಿನ ಪಕ್ಕ ಇಟ್ಟ. ಎಷ್ಟು ಹೊತ್ತು ಹೊರಗೆ ಇಡಬೇಕು? ಹತ್ತು ದಿನವೇ? ನೆರಳಲ್ಲೋ ಬಿಸಿಲಲ್ಲೋ? ಅದನ್ನು ಬರೆದಿರಲಿಲ್ಲ. ಹತ್ತು ದಿನ ಬಕೆಟಿನಲ್ಲಿ ಇದ್ದರೆ ಉಳಿಯದು ಅಂತ ಅವನಿಗೂ ಅನಿಸಿತು. ಈಗಾಗಲೇ ಕಾಯಿಲೆ ಬಂದು ವಾರ ಆಯಿತಲ್ಲ, ಆ ದಿನಗಳನ್ನೂ ಹಿಡಿದರೆ ನೀರು ಹೊಯ್ಯುವ ಹೊತ್ತಾಯಿತು ಅಂತ ಲೆಕ್ಕ ಹಾಕಿದ. ಬಿಸಿನೀರೋ ತಣ್ಣೀರೋ? ಉಪ್ಪುನೀರೋ ಸಪ್ಪೆಯೋ? ತಲೆಗೆ ನೀರು ಅಂದರೆ ಯಾರು ಉಪ್ಪುನೀರು ಹೊಯ್ಯುತ್ತಾರೆ. ಒಳಗೆ ಹೋಗಿ ಚೊಂಬಿನಲ್ಲಿ ಉಗುರುಬೆಚ್ಚಗಿನ ನಲ್ಲಿ ನೀರು ತಂದ. ಒಂದು ಕೈಯಲ್ಲಿ ದೊಡ್ಡಮ್ಮನನ್ನು ಬಕೆಟಿನಿಂದ ಮೇಲಕ್ಕೆತ್ತಿದ.

ಅಷ್ಟರಲ್ಲಿ ನಾದಿನಿ ಬಂದಳು. ಕಮಲಾಕ್ಷಿಯ ತಂಗಿ, ಜಯಶೀಲ. ಚಿಕ್ಕನಾಯಕನಹಳ್ಳಿಯವಳು. ಭಾವ ಉಂಡರೋ ಬಿಟ್ಟರೋ ನೋಡಲು ತಿಂಗಳಿಗೊಮ್ಮೆ ರಾಗಿಹಿಟ್ಟು, ಹುಳಿಪುಡಿ ತೆಗೆದುಕೊಂಡು ಬರುತ್ತಿದ್ದಳು. ಮುಂದೆ ಕರೆದರೆ ಯಾರೂ ಓಗೊಡಲಿಲ್ಲ. ಹಿಂದಕ್ಕೆ ಬಂದು ನೋಡಿದಳು. ಭಾವ ಒಂದು ಕೈಯಲ್ಲಿ ಕಲ್ಲು, ಒಂದು ಕೈಯಲ್ಲಿ ಚೊಂಬು ಹಿಡಿದು ನಿಂತಿದ್ದಾನೆ.

"ಏನ್ ಭಾವ, ಬೆಳಿಗ್ಗೆ ಬೆಳಿಗ್ಗೆ ಯಾರಿಗೆ ಸ್ನಾನ?"

"ದೊಡ್ಡಮ್ಮನಿಗೆ."

ಜಯಶೀಲಳಿಗೆ ಇದ್ದ ದೊಡ್ಡಮ್ಮ ಒಬ್ಬಳೇ, ಅವಳು ಹಾಗಲವಾಡಿಯಲ್ಲಿದ್ದಳು. ಒಂದು ಗಳಿಗೆ ಅವಳೂ ಗಾಬರಿಯಾದಳು. ಆಮೇಲೆ ಕೈಯಲ್ಲಿದ್ದದ್ದು ಕಂಡಿತು. ಇದ್ಯಾಕೆ ತೊಟ್ಟಿ ಬಿಟ್ಟು ಬಂತು ಅಂತ ಕೇಳಿದಳು. ನಿಮ್ಮಕ್ಕನೇ ಬರೆದಿಟ್ಟಿದ್ದಾಳೆ, ಹೀಗೇ ಮಾಡಬೇಕಂತೆ ಅಂದ ಚನ್ನಿಗಪ್ಪ. ಎಲ್ಲಿ ಬರೆದಿದ್ದಾಳೆ ಅಂದಳು. ಕ್ಯಾಲೆಂಡರಿನಲ್ಲಿ ಅಂದ. ಅವಳು ಒಳಗೆ ಹೋದಳು. ಹಾಳೆ ಎತ್ತಿ ಎತ್ತಿ ಓದುವ ಸದ್ದು ಕೇಳಿಸಿತು. ಆಮೇಲೆ ಸದ್ದು ನಿಂತಿತು. ಅವಳು ಬೇಗ ಬೇಗ ಹೊರಗೆ ಬಂದಳು.

"ಭಾವ, ಮೊದಲು ಆ ಚೊಂಬು ಕೆಳಗಿಡಿ."

ಅವನು ಇಟ್ಟ.

"ಅದನ್ನ ಬಕೆಟ್ಟಿಗೆ ಬಿಡಿ."

ಬಿಟ್ಟ.

"ಇಪ್ಪತ್ತೇಳು ವರ್ಷ ಸಂಸಾರ ಮಾಡಿದೀರ. ಹೆಂಗಸು ಹೊರಗೆ ಅಂತ ಬರೆದ್ರೆ ಏನರ್ಥ ಅಂತ ತಿಳೀಲಿಲ್ವಾ?"

ಚನ್ನಿಗಪ್ಪ ಬಕೆಟ್ ನೋಡಿದ. ಆಕಾಶ ನೋಡಿದ. "ಹೊರಗೆ ಅಂದ್ರೆ ಹೊರಗೆ," ಅಂದ.

"ಹೊರಗೆ ಅಂದ್ರೆ ಮುಟ್ಟಬೇಡಿ ಅಂತ, ಭಾವ. ತಲೆಗೆ ನೀರು ಅಂದ್ರೆ ಮುಗೀತು ಅಂತ."

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕಿವಿ ಬಿಸಿಯಾಯಿತು. ಜಯಶೀಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಾ ನಗುತ್ತಾ ಒಗೆಯುವ ಕಲ್ಲಿನ ಮೇಲೆ ಕೂತಳು. ಆಮೇಲೆ ಅದೇ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಕೂತು ಎಲ್ಲ ಹೇಳಿದಳು. ಅಕ್ಕ ಫೋನಿನಲ್ಲಿ ಆಗಾಗ ಇದರ ಸುದ್ದಿ ಹೇಳುತ್ತಿದ್ದಳಂತೆ. ಈ ಜಾತಿಯ ಹವಳ ಆಗೊಮ್ಮೆ ಈಗೊಮ್ಮೆ ಬೆರಳೆಲ್ಲ ಒಳಗೆಳೆದುಕೊಂಡು ಕೂರುತ್ತದಂತೆ. ಮೈಮೇಲೆ ಕೆನೆ ಕಟ್ಟುತ್ತದೆ. ನೋಡಿದವರು ಸತ್ತೇ ಹೋಯಿತು ಅನ್ನಬೇಕು. ಕಾಯಿಲೆ ಅಲ್ಲ ಅದು. ಹಳೆಯ ತೊಗಲು ಬಿಡುವ ಹೊತ್ತು. ಎಂಟು ದಿನಕ್ಕೋ ಹತ್ತು ದಿನಕ್ಕೋ ತಾನೇ ಕಳಚಿಕೊಂಡು ಮತ್ತೆ ಬೆರಳು ಬಿಡುತ್ತದೆ. ಅಲ್ಲಿಯವರೆಗೆ ಯಾರೂ ಕೈ ಹಾಕಬಾರದು, ಏನೂ ಹೊಯ್ಯಬಾರದು. ಇವತ್ತು ನಮ್ಮ ದೊಡ್ಡಮ್ಮ ಹೊರಗೆ ಕೂತಿದ್ದಾಳೆ ಕಣೇ ಅಂತ ಅಕ್ಕ ನಗುತ್ತಿದ್ದಳಂತೆ.

"ನಂಗೊಂದು ಫೋನ್ ಮಾಡಬಾರದಿತ್ತಾ?" ಅಂದಳು.

ಚನ್ನಿಗಪ್ಪ ಮುನೀರನನ್ನು ಕೇಳಿದ್ದ. ಬೆಂಗಳೂರಿನವನನ್ನು ಕೇಳಿದ್ದ. ಭಾಷೆ ಬರದ ಬಿಳಿಯನ ಕೈಯನ್ನೂ ಕೇಳಿದ್ದ. ರಾಗಿಹಿಟ್ಟು ತರುವ ನಾದಿನಿಗೆ ತೊಟ್ಟಿಯ ವಿಚಾರ ಏನು ಗೊತ್ತಿರುತ್ತದೆ ಅಂದುಕೊಂಡಿದ್ದ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವಳೂ ಕೆದಕಲಿಲ್ಲ.

ದೊಡ್ಡಮ್ಮನನ್ನು ಮತ್ತೆ ತೊಟ್ಟಿಯಲ್ಲಿ ಅದರ ಜಾಗಕ್ಕೆ ಇಟ್ಟರು. ನಾನು ಮುಟ್ಟಲ್ಲ, ನೀವೇ ಇಡಿ, ಇದೇ ಕಡೆ ಸಲ ಅಂದಳು ಜಯಶೀಲ. ತೊಟ್ಟಿಯ ಮೂಲೆಯಲ್ಲಿ ಉಪ್ಪು ಅಳೆಯುವ ಗಾಜಿನ ಕಡ್ಡಿ ತೇಲುತ್ತಿತ್ತು. ಅದರ ಮೇಲೂ ಉಗುರುಬಣ್ಣದ ಗೆರೆ ಇತ್ತು. ಉಪ್ಪು ಸರಿಯಾಗಿದ್ದರೆ ನೀರು ಆ ಗೆರೆಗೆ ನಿಲ್ಲಬೇಕು. ಈಗ ಕಡ್ಡಿ ಮುಳುಗಿ ಗೆರೆ ಕೆಳಗಾಗಿತ್ತು. ಅಕ್ಕ ಎಲ್ಲಕ್ಕೂ ಗೆರೆ ಹಾಕಿಟ್ಟಿದ್ದಾಳಲ್ಲ ಭಾವ ಅಂದಳು. ಚನ್ನಿಗಪ್ಪ ಆ ಕಡ್ಡಿಯನ್ನು ದಿನಾ ನೋಡಿದ್ದ. ಗೆರೆಯನ್ನು ನೋಡಿರಲಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ ಉಪ್ಪುನೀರು ಸೇರಿಸಿ ಗೆರೆಗೆ ತರುವುದು ಅಂತ ಮಾತಾಯಿತು. ದೀಪ ಎಂದಿನಂತೆ ಹತ್ತಕ್ಕೆ.

ಅವಳು ಹುಳಿ ಮಾಡಿದಳು, ಮುದ್ದೆ ತೊಳಸಿದಳು. ಉಣ್ಣುವಾಗ ತೊಟ್ಟಿಯ ಕಡೆ ನೋಡಿ ನಿಧಾನಕ್ಕೆ ಒಂದು ಮಾತು ಅಂದಳು.

"ಅಕ್ಕ ಈ ಮನೇಲಿ ಒಂದು ದಿನಾನೂ ಹೊರಗೆ ಕೂತವಳಲ್ಲ ಭಾವ. ಅದಕ್ಕೇ ಇದನ್ನ ಕೂರಿಸಿದ್ಲು ಅಂತ ಕಾಣುತ್ತೆ."

ಚನ್ನಿಗಪ್ಪನ ಕೈ ತಟ್ಟೆಯಲ್ಲೇ ನಿಂತಿತು.

ನಿಜ. ಮದುವೆಯಾದ ಮೊದಲ ತಿಂಗಳು ಒಂದೇ ಗಳಿಗೆ ಅವಳು ಬಾಗಿಲ ಆಚೆ ಚಾಪೆ ಹಾಕಿಕೊಂಡು ಕೂತಿದ್ದಳು. ತವರಿನಲ್ಲಿ ಹಾಗೆ ಇತ್ತು. ಮೂರು ದಿನ ಯಾರೂ ಕೆಲಸ ಹೇಳುತ್ತಿರಲಿಲ್ಲವಂತೆ. ಹುಣಸೆಬೀಜ ಇಟ್ಟುಕೊಂಡು ಅಳಗುಳಿಮಣೆ ಆಡುತ್ತಿದ್ದರಂತೆ. ಜಯಶೀಲಳಿಗೆ ಅದೇ ಮೂರು ದಿನ ಜೈಲಿನ ಹಾಗಿತ್ತು, ಅದು ಬೇರೆ ಮಾತು. ಚನ್ನಿಗಪ್ಪ ಅವತ್ತು ಹೇಳಿದ್ದ, ಇರೋದೇ ಇಬ್ಬರು, ಅದೆಲ್ಲ ಬೇಡ, ಎದ್ದು ಒಳಗೆ ಬಾ. ಅವಳು ಎದ್ದು ಬಂದಳು. ಒಲೆ ಹಚ್ಚಿದಳು. ಆ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಅದಕ್ಕೇ ಅವನಿಗೆ ಮರೆತುಹೋಗಿತ್ತು.

ತಾನು ಒಳ್ಳೆಯದು ಮಾಡಿದೆ ಅಂತ ಇಷ್ಟು ವರ್ಷ ಇತ್ತು ಅವನಿಗೆ. ಈಗ ತಿಳಿಯದಾಯಿತು. ಅದು ಒಳ್ಳೆಯದಾಯಿತೋ ಕೆಟ್ಟದಾಯಿತೋ? ಅವಳಿಗೆ ಒಳಗೆ ಬರುವುದು ಬೇಕಿತ್ತೋ, ಮೂರು ದಿನ ಸುಮ್ಮನೆ ಕೂರುವುದು ಬೇಕಿತ್ತೋ? ಅವಳನ್ನು ಅವನು ಕೇಳಿರಲಿಲ್ಲ. ಜಯಶೀಲಳ ಮುಖ ನೋಡಿದ. ಅವಳಿಗೂ ಗೊತ್ತಿರಲಿಲ್ಲ.

ಸಂಜೆಯ ಬಸ್ಸಿಗೆ ಅವಳು ಹೋದಳು.

ಆಮೇಲಿನ ದಿನಗಳು ಅವನಿಗೆ ಬಹಳ ಕಷ್ಟದವು. ಮಾಡಬೇಕಾದದ್ದು ಏನೂ ಇಲ್ಲ. ಬೆಳಿಗ್ಗೆ ದೀಪ, ಒಂದು ಲೋಟ ಉಪ್ಪುನೀರು, ಅಷ್ಟೇ. ಅವನ ಕೈ ಕೇಳುತ್ತಿರಲಿಲ್ಲ. ತೊಟ್ಟಿಯ ಮುಂದೆ ಕೂತರೆ ತಾನಾಗಿ ಮೇಲಕ್ಕೇಳುತ್ತಿತ್ತು. ಒಂದು ಸಲ ಬೆರಳು ನೀರಿಗೆ ತಾಗಿಯೂ ಬಿಟ್ಟಿತು. ಎಳೆದುಕೊಂಡ. ಕಡೆಗೆ ಕುರ್ಚಿಯನ್ನು ಎತ್ತಿ ಮೂರು ಮಾರು ದೂರ ಬಾಗಿಲ ಹತ್ತಿರ ಹಾಕಿಕೊಂಡ. ಹೊರಗೆ ಕೂತವರಿಂದ ಜನ ಅಷ್ಟು ದೂರವೇ ಇರುತ್ತಿದ್ದರು. ಬ್ರಶ್ಶನ್ನು ಅಂಗಡಿಗೆ ಒಯ್ದು ಮೋಟಾರಿನ ಗ್ರೀಸು ತಿಕ್ಕಲು ಇಟ್ಟ.

ಜಯಶೀಲ ಬಂದುಹೋದ ನಾಲ್ಕನೇ ದಿನ ಚಪ್ಪಾಳೆ ಸತ್ತಿತು. ಕೈ ಆಡಿಸುವುದನ್ನು ನಿಲ್ಲಿಸಿ, ಮೆತ್ತಗಾಗಿ, ನೀರಿನಲ್ಲಿ ಕರಗಿಹೋಯಿತು. ಸಪ್ಪೆ ನೀರಿಗೆ ಸತ್ತಿತೋ, ಕತ್ತಲಿಗೆ ಸತ್ತಿತೋ, ಟಿಂಚರಿಗೋ, ದೊಡ್ಡಮ್ಮನನ್ನು ತಿಕ್ಕಿದಾಗ ಬಿಟ್ಟ ಲೋಳೆಗೋ? ಚನ್ನಿಗಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಒಂದೊಂದಾಗಿ ಮಾಡಿದ್ದರೆ ಯಾವುದು ಅಂತ ತಿಳಿಯುತ್ತಿತ್ತು. ಎಲ್ಲ ಒಟ್ಟಿಗೆ ಮಾಡಿದ್ದ. ಜಯಶೀಲಳಿಗೆ ಫೋನಿನಲ್ಲಿ ಹೇಳಿದ. ದೊಡ್ಡಮ್ಮನೂ ಹೀಗೇ ಹೋಗುತ್ತೇನೋ ಕಣಮ್ಮ ಅಂದ. ಹೋಗಬಹುದು, ಹೋಗದೇನೂ ಇರಬಹುದು, ನೀವು ಕೈ ಮಾತ್ರ ಹಾಕಬೇಡಿ ಅಂದಳು.

ಏಳನೇ ದಿನ ಏನೂ ಇಲ್ಲ. ಎಂಟು, ಒಂಬತ್ತು ಏನೂ ಇಲ್ಲ. ಕೆನೆ ಹಳದಿಯಾಯಿತು. ಮೇಲೆ ಪಾಚಿಯ ಧೂಳು ಕೂತಿತು. ಅವಳು ಬರೆದ ಲೆಕ್ಕದ ದಿನಗಳು ಎಂದೋ ದಾಟಿದ್ದವು. ಹತ್ತನೇ ದಿನ ಅವನು ಟಿಂಚರಿನ ಬಾಟಲಿಯನ್ನು ಕೈಗೆ ತೆಗೆದುಕೊಂಡ. ಅಡುಗೆಮನೆಯಿಂದ ಮುಂದಿನ ರೂಮಿಗೆ ಬಂದ. ಕುರ್ಚಿಯವರೆಗೆ ಬಂದು ಕೂತ. ಬಹಳ ಹೊತ್ತು ಕೂತಿದ್ದ. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಬಾಟಲಿಯನ್ನು ಮೋರಿಗೆ ಸುರಿದ.

ಹದಿಮೂರನೇ ದಿನ ಬೆಳಿಗ್ಗೆ ದೀಪ ಹಾಕಿದ. ದೊಡ್ಡಮ್ಮನ ತಲೆಯ ಮೇಲಿನ ಕೆನೆ ಒಂದು ಕಡೆ ಎದ್ದು ಅಲುಗಾಡುತ್ತಿತ್ತು. ಅವನು ಕುರ್ಚಿ ಬಿಟ್ಟು ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಹಾಳೆಯ ಹಾಗೆ ಕಳಚಿಕೊಂಡಿತು. ನೀರಿನಲ್ಲಿ ಓಡಿಹೋಗಿ ಪಂಪಿನ ಬಾಯಿಗೆ ಅಂಟಿಕೊಂಡಿತು. ಕೆಳಗೆ ಹೊಸ ಮೈ. ಎಳೆಯ ತೊಗಲು. ಸಂಜೆಗೆ ನಾಲ್ಕು ಬೆರಳು ಬಂದವು. ಅವನು ಎಣಿಸಿದ. ಆಮೇಲೆ ಎಣಿಸಲಾರದಷ್ಟು ಬಂದವು. ಬ್ರಶ್ಶು ತಿಕ್ಕಿದ ಅಂಚಿನಲ್ಲಿ ಮಾತ್ರ ಒಂದೂ ಬರಲಿಲ್ಲ. ಅಂಗೈಯಗಲ ಬೋಳಾಗಿಯೇ ಉಳಿಯಿತು.

ಅವನು ಎದ್ದು ಅಡುಗೆಮನೆಗೆ ಹೋದ. ಕ್ಯಾಲೆಂಡರಿನ ಹಾಳೆ ತಿರುವಿದ. ಇನ್ನೊಂದು ತಿರುವಿದ. ಇನ್ನೊಂದು. ಇವತ್ತಿನ ತಾರೀಖು ಸಿಕ್ಕಿತು. ಅವಳ ಪೆನ್ಸಿಲು ಅಲ್ಲೇ ದಾರದಲ್ಲಿ ನೇತಾಡುತ್ತಿತ್ತು. ಬರೆದು ಅಭ್ಯಾಸ ಇಲ್ಲದ ಕೈ. ಅಕ್ಷರ ಮನೆ ದಾಟಿ ಪಕ್ಕದ ಎರಡು ದಿನಗಳ ಮೇಲೆ ಹೋಯಿತು. "ದೊಡ್ಡಮ್ಮ ತಲೆಗೆ ನೀರು."

ಮಾರನೆಯ ದಿನ ಮುನೀರ್ ಬಂದ. ಶಟರಿನ ಕೆಳಗೆ ಬಗ್ಗಿ, ಅಂಗಡಿ ದಾಟಿ ಒಳಗೆ ಬಂದು ತೊಟ್ಟಿ ನೋಡಿದ. ನೋಡಿದ್ರಾ ಅಣ್ಣ, ಉಪ್ಪು ಕಮ್ಮಿ ಮಾಡಿದ್ದಕ್ಕೇ ವಾಸಿಯಾಯ್ತು ಅಂದ. ಚನ್ನಿಗಪ್ಪ ಹೂಂ ಅಂದ. ಮುನೀರನಿಗೆ ಖುಷಿಯಾಯಿತು. ಬನ್ನಿ, ಹೋಗಿ ಟೀ ಕುಡಿಯೋಣ, ಎಷ್ಟು ದಿನ ಅಂತ ಹೀಗೆ ಅರ್ಧ ಬಾಗಿಲಲ್ಲಿ ಕೂರ್ತೀರಿ, ಮುಂದಿನ ವಾರ ನಾವು ನಾಲ್ಕು ಜನ ಜೋಗಕ್ಕೆ ಹೊರಟಿದ್ದೀವಿ, ನೀವೂ ಬನ್ನಿ, ಮನಸ್ಸು ಹಗುರ ಆಗುತ್ತೆ ಅಂತ ಕೈ ಹಿಡಿದು ಎಳೆದ.

ಚನ್ನಿಗಪ್ಪ ಮೆಲ್ಲಗೆ ಕೈ ಬಿಡಿಸಿಕೊಂಡ.

"ಈಗ ಬೇಡಪ್ಪ. ನಾನಿನ್ನೂ ಹೊರಗಿದೀನಿ."

ಮುನೀರ್ ಅವನನ್ನು ನೋಡಿದ. ಅವನು ಕೂತ ಕುರ್ಚಿ ನೋಡಿದ. ಅರ್ಧ ಎಳೆದ ಶಟರು ನೋಡಿದ.

"ಒಳಗೇ ಇದೀರಲ್ಲ ಅಣ್ಣ," ಅಂದ.

ನೀತಿ: ಮುದುಡಿ ಕೂತದ್ದೆಲ್ಲ ಕಾಯಿಲೆ ಬಿದ್ದದ್ದಲ್ಲ. ಏನಾಗಿದೆ ಅಂತ ತಿಳಿಯುವ ಮೊದಲು ಮದ್ದು ಹಾಕಬೇಡಿ. ಹತ್ತು ಜನ ಹೇಳಿದ ಹತ್ತನ್ನೂ ಒಟ್ಟಿಗೆ ಮಾಡಬೇಡಿ. ಕೆಲವಕ್ಕೆ ಬೇಕಾದದ್ದು ಕೈಯಲ್ಲ, ಬಿಡುವು. ಇನ್ನೊಂದು ಮಾತು. ಮನೆಯವರು ಹೇಳುವ ಮಾತಿನ ಅರ್ಥವನ್ನು ಅವರು ಇರುವಾಗಲೇ ಕೇಳಿಟ್ಟುಕೊಳ್ಳಿ. ಆಮೇಲೆ ಕ್ಯಾಲೆಂಡರನ್ನು ಕೇಳಿದರೆ ಅದು ಅರ್ಧ ಮಾತ್ರ ಹೇಳುತ್ತದೆ.